ಜಠರದ ಹುಣ್ಣಿಗೆ ಕೊರವ ಮೀನಿನ ಸಾರ: ಪಾರಂಪರಿಕ ಪರಿಹಾರವೊಂದರ ಪರೀಕ್ಷೆಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಅಲ್ಸರ್ ಎಂದು ರೂಢಿಯಲ್ಲಿ ಕರೆಯಲಾಗುವ ಜಠರದ ಹುಣ್ಣಿಗೆ ಕೊರವ ಮೀನಿನ ಸಾರವು ಉತ್ತಮ ಔಷಧವೆಂಬ ಮಾತು ಮಲೇಷ್ಯಾ, ಇಂಡೋನೇಷ್ಯಾ ಮೊದಲಾದ ಆಗ್ನೇಯ ಏಷ್ಯಾದ ದೇಶಗಳಲ್ಲಿ ಪ್ರಚಲಿತವಿದೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಈ ಮೀನಿನ ಮೇಲೆ ವೈಜ್ಞಾನಿಕ ಪರೀಕ್ಷೆಗಳು ನಡೆದಿದ್ದು, ಅವುಗಳ ಫಲಿತಾಂಶವನ್ನು ಉಲ್ಲೇಖಿಸಿ ‘ಪರೀಕ್ಷೆಯಿಂದ ಸಾಬೀತಾಗಿದೆ’ ಎಂದು ಹೇಳುವುದು ಸುಲಭ. ಆದರೆ ಯಾವ ಪರೀಕ್ಷೆ, ಯಾರ ಮೇಲೆ ನಡೆಯಿತು, ಅದರಿಂದ ಏನು ಸಾಬೀತಾಯಿತು ಎಂಬುದನ್ನು ತಿಳಿಯದೆ, ವೈದ್ಯರು ನೀಡಿದ ಚಿಕಿತ್ಸೆಯನ್ನು ಬಿಟ್ಟು ಮೀನಿನ ಸಾರವನ್ನು ನೆಚ್ಚಿಕೊಂಡರೆ ಪ್ರಾಣಾಪಾಯವೂ ಸಂಭವಿಸಬಹುದಾಗಿದೆ. ಈ ಹಿನ್ನೆಲೆಯಲ್ಲಿ ಪಾರಂಪರಿಕ ಪರಿಹಾರವೊಂದನ್ನು ಯಾವ ಹಂತಗಳಲ್ಲಿ ಪರೀಕ್ಷಿಸಲಾಗುತ್ತದೆ, ಈ ಮೀನು ಪ್ರಸ್ತುತ ಯಾವ ಹಂತದಲ್ಲಿದೆ ಹಾಗೂ ರೋಗಿಗಳು ಏನು ಮಾಡತಕ್ಕದ್ದು ಎಂಬ ವಿಷಯಗಳನ್ನು ನಾಗರಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಮೀನಿನ ಪರಿಚಯ

ಚನ್ನಾ ಸ್ಟ್ರಯೇಟ ಎಂಬ ವೈಜ್ಞಾನಿಕ ಹೆಸರಿನ ಈ ಸಿಹಿನೀರಿನ ಮೀನು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೆರೆ, ಕಟ್ಟೆ, ಗದ್ದೆಯ ನೀರಿನಲ್ಲಿ ದೊರೆಯುವ ಇದನ್ನು ಕೊರವ, ಮರಲು ಎಂದು ಊರಿಂದೂರಿಗೆ ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಾರೆ. ಇದರ ತಲೆ ಹಾವಿನ ತಲೆಯನ್ನು ಹೋಲುತ್ತದೆ. ಕಿವಿರುಗಳ ಜೊತೆಗೆ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗವೂ ಇರುವುದರಿಂದ ನೀರಿನಿಂದ ಹೊರತೆಗೆದ ಮೇಲೂ ಬಹಳ ಹೊತ್ತು ಬದುಕಿರುತ್ತದೆ. ಮಾರುಕಟ್ಟೆಯಲ್ಲಿ ಇದನ್ನು ಜೀವಂತವಾಗಿ ಮಾರುವುದು ಇದೇ ಕಾರಣದಿಂದ. ಮುಳ್ಳು ಕಡಿಮೆ, ಮಾಂಸ ಗಟ್ಟಿ, ಬೆಲೆ ಮಾತ್ರ ಹೆಚ್ಚು.

ಹೈದರಾಬಾದಿನಲ್ಲಿ ಪ್ರತಿವರ್ಷ ಮೃಗಶಿರಾ ಮಳೆ ಹುಟ್ಟುವ ಸಮಯದಲ್ಲಿ ಉಬ್ಬಸ ರೋಗಿಗಳಿಗೆ ನುಂಗಿಸಲಾಗುವ ಜೀವಂತ ಮರಿಮೀನು ಸಹ ಕೊರವ ಜಾತಿಯದ್ದೇ ಆಗಿದ್ದು, ಕರ್ನಾಟಕದಿಂದಲೂ ಜನರು ಅಲ್ಲಿಗೆ ತೆರಳುವುದುಂಟು. ಅದು ಉಬ್ಬಸಕ್ಕೆ ಸಂಬಂಧಿಸಿದ ಬೇರೆಯೇ ಪದ್ಧತಿ. ಈ ಲೇಖನದ ವಿಷಯಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಮಲೇಷ್ಯಾದಲ್ಲಿ ಈ ಮೀನಿಗೆ ಹರುವಾನ್ ಎಂದೂ ಇಂಡೋನೇಷ್ಯಾದಲ್ಲಿ ಗಬುಸ್ ಎಂದೂ ಹೆಸರು. ಹೆರಿಗೆಯಾದ ಬಾಣಂತಿಯರಿಗೆ, ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ, ಗಾಯಾಳುಗಳಿಗೆ ಇದರ ಸಾರನ್ನು ಕುಡಿಸುವುದು ಅಲ್ಲಿನ ಮನೆಮನೆಯ ರೂಢಿ. ಹೊರಗಿನ ಗಾಯವನ್ನು ಮಾಯಿಸುವ ಮೀನು ಹೊಟ್ಟೆಯೊಳಗಿನ ಹುಣ್ಣನ್ನೂ ಮಾಯಿಸೀತು ಎಂಬ ಊಹೆಯಿಂದಲೇ ಅಲ್ಸರ್ ಕುರಿತ ಪರೀಕ್ಷೆಗಳು ಆರಂಭಗೊಂಡವು. ಇದು ಅವೈಜ್ಞಾನಿಕವಾದ ಊಹೆಯಲ್ಲ; ಎಷ್ಟೋ ಔಷಧಗಳ ಶೋಧನೆ ಇಂತಹ ಮನೆಮದ್ದಿನಿಂದಲೇ ಮೊದಲ್ಗೊಂಡಿದೆ.

ಜಠರದ ಹುಣ್ಣು ಎಂದರೇನು

ಜಠರವು ಆಹಾರವನ್ನು ಅರಗಿಸಲು ತೀಕ್ಷ್ಣವಾದ ಆಮ್ಲವನ್ನು ಸ್ರವಿಸುತ್ತದೆ. ಅದೇ ಆಮ್ಲವು ಜಠರದ ಗೋಡೆಯನ್ನು ಸುಡದಂತೆ ಲೋಳೆಯ ಪದರವೊಂದು ರಕ್ಷಿಸುತ್ತದೆ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಈ ಲೋಳೆಯ ಉತ್ಪತ್ತಿಗೆ ಮತ್ತು ಜಠರದ ಗೋಡೆಯ ರಕ್ತಸಂಚಾರಕ್ಕೆ ನೆರವಾಗುತ್ತವೆ. ರಕ್ಷಣೆ ಕುಂದಿದಾಗ ಜಠರದಲ್ಲಿ ಅಥವಾ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣು ಉಂಟಾಗುತ್ತದೆ.

ಖಾರದ ಊಟ ಮತ್ತು ಮನಸ್ಸಿನ ಚಿಂತೆಯೇ ಅಲ್ಸರಿಗೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಇಂದಿಗೂ ಹಾಗೆ ನಂಬುವವರು ಬಹಳ ಮಂದಿ ಇದ್ದಾರೆ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ರೋಗಿಗಳ ಜಠರದಿಂದ ಬೇರ್ಪಡಿಸಿ ಬೆಳೆಸಿದರು. ಇತರರು ಇದನ್ನು ಒಪ್ಪದಿದ್ದಾಗ ಡಾ. ಮಾರ್ಷಲ್ ಅವರು 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸ್ವತಃ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. ಈರ್ವರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಲ್ಸರಿಗೆ ಮತ್ತೊಂದು ಪ್ರಮುಖ ಕಾರಣವೆಂದರೆ ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವುನಿವಾರಕ ಮಾತ್ರೆಗಳ ಸೇವನೆ. ಇವು ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುತ್ತವೆ.

ಆದ್ದರಿಂದ ಯಾವುದೇ ಹೊಸ ಪರಿಹಾರದ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ: ಇದು ಬ್ಯಾಕ್ಟೀರಿಯಾವನ್ನು ಕೊಲ್ಲುವುದೇ, ಆಮ್ಲವನ್ನು ತಗ್ಗಿಸುವುದೇ ಅಥವಾ ಜಠರದ ಗೋಡೆಗೆ ಬಲ ನೀಡುವುದೇ? ಆಮ್ಲ ತಗ್ಗಿ ಹುಣ್ಣು ಮಾಗಿದರೂ ಬ್ಯಾಕ್ಟೀರಿಯಾ ಉಳಿದುಕೊಂಡರೆ ಬಹುಪಾಲು ರೋಗಿಗಳಲ್ಲಿ ಹುಣ್ಣು ಪುನಃ ಕಾಣಿಸಿಕೊಳ್ಳುತ್ತದೆ.

ಪ್ರಯೋಗಾಲಯದಲ್ಲಿ ಕಂಡುಬಂದ ಅಂಶಗಳು

ಮಲೇಷ್ಯಾದ ಸಂಶೋಧಕರು 1994ರಲ್ಲಿ ಹರುವಾನ್ ಮೀನಿನ ಕೊಬ್ಬಿನಾಮ್ಲ ಮತ್ತು ಅಮೈನೋ ಆಮ್ಲಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅದರಲ್ಲಿ ಅರಾಕಿಡೋನಿಕ್ ಆಮ್ಲ ಮತ್ತು ಗ್ಲೈಸಿನ್ ಇರುವುದು ವಿಶೇಷವಾಗಿ ಗಮನ ಸೆಳೆಯಿತು. ಅರಾಕಿಡೋನಿಕ್ ಆಮ್ಲವು ಪ್ರೊಸ್ಟಗ್ಲಾಂಡಿನ್ ತಯಾರಿಕೆಗೆ ಕಚ್ಚಾವಸ್ತು. ಗ್ಲೈಸಿನ್ ಗಾಯ ಕೂಡಿಸುವ ಕೊಲ್ಲಾಜೆನ್ ಎಂಬ ಪ್ರೋಟೀನಿನ ಮುಖ್ಯ ಭಾಗ. ಜನರ ನಂಬಿಕೆಗೆ ಇದು ಸಮಂಜಸವಾದ ವಿವರಣೆಯಂತೆ ತೋರುವುದು ಸಹಜ.

ಆದಾಗ್ಯೂ ಎರಡು ತೊಡಕುಗಳನ್ನು ಗಮನಿಸಬೇಕು. ಆಸ್ಪಿರಿನ್ ತಡೆಯುವುದು ಕಚ್ಚಾವಸ್ತುವನ್ನಲ್ಲ, ಅದನ್ನು ಪ್ರೊಸ್ಟಗ್ಲಾಂಡಿನ್ ಆಗಿ ಮಾರ್ಪಡಿಸುವ ಕಿಣ್ವವನ್ನು. ಗಾಣವೇ ನಿಂತಿರುವಾಗ ಎಷ್ಟು ಕಡಲೆಕಾಯಿ ಸುರಿದರೂ ಎಣ್ಣೆ ಬಾರದು. ಎರಡನೆಯದಾಗಿ, ಸೇವಿಸಿದ ಮೀನಿನ ಪ್ರೋಟೀನು ಹೊಟ್ಟೆಯಲ್ಲಿ ಅರಗಿ ಅಮೈನೋ ಆಮ್ಲಗಳಾಗುತ್ತದೆ. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನೂ ಅದೇ ರೀತಿ ಅಮೈನೋ ಆಮ್ಲಗಳಾಗಿಯೇ ಅರಗುತ್ತದೆ. ಪದಾರ್ಥದಲ್ಲಿ ಉಪಯುಕ್ತ ಅಂಶವಿದೆ ಎನ್ನುವುದು ಪರೀಕ್ಷೆಗೆ ಕಾರಣವಾಗಬಲ್ಲದೇ ಹೊರತು ಪುರಾವೆಯಾಗಲಾರದು.

ಇಲಿಗಳ ಮೇಲಿನ ಪರೀಕ್ಷೆ

2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಮೀನಿನ ನೀರಿನ ಸಾರವನ್ನು ಶೀತಲ ವಿಧಾನದಿಂದ ಒಣಗಿಸಿ ಪುಡಿಮಾಡಿ ಪ್ರಯೋಗಾಲಯದ ವಿಸ್ಟಾರ್ ತಳಿಯ ಇಲಿಗಳಿಗೆ ನೀಡಲಾಯಿತು. ಇಲಿಗಳಿಗೆ ಆಸ್ಪಿರಿನ್ ಕೊಟ್ಟು, ಜಠರದ ಕೆಳಬಾಯಿಯನ್ನು ದಾರದಿಂದ ಕಟ್ಟಿ ಹುಣ್ಣು ಉಂಟುಮಾಡುವ ವಿಧಾನವನ್ನು ಇದರಲ್ಲಿ ಅನುಸರಿಸಲಾಗಿತ್ತು. ಕೆಳಬಾಯಿಯನ್ನು ಕಟ್ಟುವ ಈ ವಿಧಾನವನ್ನು ಅಮೆರಿಕದ ಹ್ಯಾರಿ ಶೇ ಮತ್ತು ಸಂಗಡಿಗರು 1945ರಲ್ಲಿ ವಿವರಿಸಿದ್ದು, ಇಂದಿಗೂ ಅದು ಬಳಕೆಯಲ್ಲಿದೆ. ಹೋಲಿಕೆಗಾಗಿ ಮತ್ತೊಂದು ಗುಂಪಿನ ಇಲಿಗಳಿಗೆ ರಾನಿಟಿಡಿನ್ ಎಂಬ ಪರಿಚಿತ ಔಷಧವನ್ನು ನೀಡಲಾಗಿತ್ತು. ಜಠರರಸದ ಪ್ರಮಾಣ, ಆಮ್ಲೀಯತೆ ಹಾಗೂ ಹುಣ್ಣಿನ ಪ್ರಮಾಣಗಳನ್ನು ಅಳೆದ ಸಂಶೋಧಕರು ಮೀನಿನ ಸಾರಕ್ಕೆ ಜಠರವನ್ನು ರಕ್ಷಿಸುವ ಗುಣವಿದೆಯೆಂದು ವರದಿ ಮಾಡಿದರು. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಮೀನಿನ ಮಾಂಸದಿಂದ ಮೆಥನಾಲ್ ಮತ್ತು ಕ್ಲೋರೋಫಾರ್ಮ್ ದ್ರಾವಕಗಳ ಮೂಲಕ ತೆಗೆದ ಸಾರವನ್ನು ಪರೀಕ್ಷಿಸಲಾಗಿದೆ.

ಈ ಅಧ್ಯಯನಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಅವು ಏನನ್ನು ಹೇಳುತ್ತವೆಯೋ ಅಷ್ಟನ್ನು ಮಾತ್ರ ಸ್ವೀಕರಿಸತಕ್ಕದ್ದು. ಇಲಿಗಳ ಹುಣ್ಣು ಕೆಲವೇ ಗಂಟೆಗಳಲ್ಲಿ ಬಲವಂತವಾಗಿ ಉಂಟುಮಾಡಿದ ಹುಣ್ಣು. ಮನುಷ್ಯನ ಹುಣ್ಣಾದರೋ ತಿಂಗಳು, ವರ್ಷಗಟ್ಟಲೆ ಮಾಗಿ, ಮರುಕಳಿಸುವಂಥದ್ದು. ಇಂತಹ ಪ್ರಯೋಗಗಳಲ್ಲಿ ಸಾರವನ್ನು ಸಾಮಾನ್ಯವಾಗಿ ಹುಣ್ಣಾಗುವ ಮುನ್ನವೇ ಕುಡಿಸಿರುತ್ತಾರೆ. ಅಂದರೆ ಅಲ್ಲಿ ಅಳೆಯುವುದು ಹುಣ್ಣಾಗದಂತೆ ತಡೆಯುವ ಶಕ್ತಿಯನ್ನು. ಆಸ್ಪತ್ರೆಗೆ ಬರುವ ರೋಗಿಗೆ ಈಗಾಗಲೇ ಹುಣ್ಣಾಗಿರುತ್ತದೆ. ಮನುಷ್ಯರಲ್ಲಿ ಅಲ್ಸರಿಗೆ ಪ್ರಮುಖ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಈ ಇಲಿಗಳ ಪರೀಕ್ಷೆಯಲ್ಲಿ ಇರುವುದೇ ಇಲ್ಲ. ಇನ್ನು ಕ್ಲೋರೋಫಾರ್ಮಿನಲ್ಲಿ ತೆಗೆದ ಸಾರಕ್ಕೂ ಅಡುಗೆಮನೆಯ ಮೀನಿನ ಸಾರಿಗೂ ಹೆಸರಿನಲ್ಲಿ ಮಾತ್ರ ಸಾಮ್ಯ.

ರಾನಿಟಿಡಿನ್ ಕುರಿತೂ ಒಂದು ಮಾತು ಹೇಳುವುದು ಉಚಿತ. ದಶಕಗಳ ಕಾಲ ವಿಶ್ವದಾದ್ಯಂತ ಬಳಕೆಯಲ್ಲಿದ್ದ ಈ ಮಾತ್ರೆಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶವು ಕಂಡುಬಂದ ಕಾರಣ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂದಕ್ಕೆ ಪಡೆಯಲಾಯಿತು. ಪರೀಕ್ಷೆ ಎಂಬುದು ಪಾರಂಪರಿಕ ಔಷಧಗಳಿಗೆ ಮಾತ್ರ ವಿಧಿಸಿದ ಕಟ್ಟಳೆಯಲ್ಲ. ಆಧುನಿಕ ಔಷಧವೂ ಮಾರುಕಟ್ಟೆಗೆ ಬಂದ ಮೇಲೆ ಅದಕ್ಕೆ ಒಳಪಟ್ಟೇ ಇರುತ್ತದೆ.

ಮನುಷ್ಯರಲ್ಲಿ ಪರೀಕ್ಷೆ: ಏಕೆ ಮತ್ತು ಹೇಗೆ

‘ನಮ್ಮ ಸಂಬಂಧಿಕರೊಬ್ಬರು ಒಂದು ತಿಂಗಳು ಮೀನಿನ ಸಾರು ಕುಡಿದರು, ಹೊಟ್ಟೆನೋವು ಹೋಯಿತು’ ಎಂಬ ಮಾತು ಸುಳ್ಳಾಗಿರಬೇಕಿಲ್ಲ. ಅಲ್ಸರಿನ ಸ್ವಭಾವವೇ ಹಾಗೆ. ಅದು ತಾನಾಗಿಯೇ ಮಾಗುತ್ತದೆ, ತಾನಾಗಿಯೇ ಮರಳುತ್ತದೆ. 1970ರ ದಶಕದಲ್ಲಿ ಸಿಮೆಟಿಡಿನ್ ಎಂಬ ಅಲ್ಸರ್ ಔಷಧವನ್ನು ಪರೀಕ್ಷಿಸಿದಾಗ, ಔಷಧಾಂಶವಿಲ್ಲದ ಹುಸಿಮಾತ್ರೆಗಳನ್ನು ಪಡೆದ ರೋಗಿಗಳಲ್ಲಿಯೂ ಕೆಲವೇ ವಾರಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗದಷ್ಟು ಮಂದಿಯ ಹುಣ್ಣು ಮಾಗಿದ್ದುದು ಕಂಡುಬಂದಿತ್ತು. ಹೀಗಿರುವಾಗ ಮೀನಿನ ಸಾರು ಕುಡಿದ ಹತ್ತು ಮಂದಿಯಲ್ಲಿ ಮೂರು, ನಾಲ್ಕು ಮಂದಿ ಗುಣಮುಖರಾದರೆ ಆ ಶ್ರೇಯಸ್ಸು ಮೀನಿಗೆ ಸಲ್ಲಬೇಕೋ ಕಾಲಕ್ಕೆ ಸಲ್ಲಬೇಕೋ ಎಂದು ನಿರ್ಣಯಿಸಲು ಸಾಧ್ಯವಾಗದು. ಗುಣವಾಗದ ಆರು, ಏಳು ಮಂದಿ ಯಾರ ಬಳಿಯೂ ಅದನ್ನು ಹೇಳಿಕೊಳ್ಳುವುದಿಲ್ಲ.

ಇದಕ್ಕೆ ಇರುವ ಮಾರ್ಗವೆಂದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳನ್ನಾಗಿ ವಿಂಗಡಿಸಿ, ಒಂದು ಗುಂಪಿಗೆ ಸಾರವನ್ನೂ ಮತ್ತೊಂದಕ್ಕೆ ಹಾಗೆಯೇ ಕಾಣುವ ಹುಸಿಮಾತ್ರೆಯನ್ನೂ ನೀಡಿ, ಯಾರಿಗೆ ಯಾವುದು ದೊರೆತಿದೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆಸುವುದು. ಮೀನಿನ ವಿಷಯದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ವಾಸನೆಯೇ ಗುಟ್ಟು ಬಿಟ್ಟುಕೊಡುತ್ತದೆ; ಆದ್ದರಿಂದ ಕ್ಯಾಪ್ಸೂಲಿನಲ್ಲಿ ಅಡಗಿಸಿ ಕೊಡಬೇಕಾಗುತ್ತದೆ. ಕೆರೆಯ ಮೀನು, ಸಾಕಿದ ಮೀನು, ಮಳೆಗಾಲದ ಮೀನು, ಬೇಸಿಗೆಯ ಮೀನುಗಳ ಸಾರ ಒಂದೇ ಆಗಿರುವುದಿಲ್ಲವಾದ ಕಾರಣ ಪ್ರತಿ ತಯಾರಿಕೆಯ ಸಂಯೋಜನೆಯನ್ನೂ, ಪಾದರಸ, ಸೀಸದಂತಹ ಭಾರಲೋಹಗಳ ಪ್ರಮಾಣವನ್ನೂ ಅಳೆಯಬೇಕು. ರೋಗಿಗೆ ಬ್ಯಾಕ್ಟೀರಿಯಾ ಸೋಂಕು ಇದೆಯೇ, ನೋವುನಿವಾರಕ ಸೇವಿಸುತ್ತಿರುವರೇ ಎಂಬುದನ್ನು ಮೊದಲೇ ದಾಖಲಿಸಬೇಕು. ಫಲಿತಾಂಶವನ್ನು ‘ನೋವು ಕಡಿಮೆಯಾಯಿತು’ ಎಂಬ ಹೇಳಿಕೆಯಿಂದಲ್ಲದೆ, ಎಂಡೋಸ್ಕೋಪಿ ಮೂಲಕ ಹುಣ್ಣನ್ನು ಕಣ್ಣಾರೆ ನೋಡಿ ನಿರ್ಧರಿಸಬೇಕು. ಮಿಗಿಲಾಗಿ, ಪರಿಣಾಮಕಾರಿ ಚಿಕಿತ್ಸೆ ಲಭ್ಯವಿರುವಾಗ ರೋಗಿಗೆ ಅದನ್ನು ನಿರಾಕರಿಸಿ ಬರಿಯ ಮೀನಿನ ಸಾರವನ್ನು ಕೊಡುವುದು ನೈತಿಕವಾಗಿ ಸರಿಯಲ್ಲ. ಪ್ರಚಲಿತ ಚಿಕಿತ್ಸೆಯ ಜೊತೆಗೆ ಸಾರವನ್ನು ಸೇರಿಸಿ ನೀಡಿದರೆ ಹೆಚ್ಚಿನ ಪ್ರಯೋಜನವಿದೆಯೇ ಎಂದು ನೋಡುವುದೇ ನ್ಯಾಯವಾದ ಕ್ರಮ.

ಹರುವಾನ್ ಸಾರವನ್ನು ಮನುಷ್ಯರಲ್ಲಿ ಪರೀಕ್ಷಿಸಿರುವ ಉದಾಹರಣೆಯೂ ಇದೆ, ಆದರೆ ಅಲ್ಸರಿಗಲ್ಲ. ಮಲೇಷ್ಯಾದಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯರಿಗೆ ಸಾರದ ಕ್ಯಾಪ್ಸೂಲ್ ಅಥವಾ ಹುಸಿಮಾತ್ರೆ ನೀಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಗಾಯದ ಕಲೆಯ ನೋಟದಲ್ಲಿ ಸುಧಾರಣೆ ಕಂಡುಬಂದರೂ ನೋವಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ನಂಬಿಕೆಯ ಒಂದು ಭಾಗ ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಜಠರದ ಹುಣ್ಣಿನ ಮಟ್ಟಿಗೆ ಹೇಳುವುದಾದರೆ, ಈ ಮೀನಿನ ಪರವಾಗಿ ಮುಂದಿಡಲಾಗುವ ಸಾಕ್ಷ್ಯವು ಮುಖ್ಯವಾಗಿ ಇಲಿಗಳ ಹಂತಕ್ಕೆ ಸೇರಿದ್ದಾಗಿದೆ.

ಮನೆಮದ್ದು ಪರೀಕ್ಷೆಯಲ್ಲಿ ಗೆದ್ದರೂ ಎಚ್ಚರಿಕೆ ಅಗತ್ಯವೆಂಬುದಕ್ಕೆ ಅತಿಮಧುರದ ಪ್ರಸಂಗವು ನಿದರ್ಶನವಾಗಿದೆ. ನೆದರ್‌ಲ್ಯಾಂಡ್ಸ್‌ನ ವೈದ್ಯ ರೆವರ್ಸ್ ಎಂಬುವರು ಅಲ್ಸರ್ ರೋಗಿಗಳು ಸ್ಥಳೀಯ ಔಷಧ ವ್ಯಾಪಾರಿಯಿಂದ ಪಡೆದ ಅತಿಮಧುರದ ಪಾಕದಿಂದ ಗುಣ ಹೊಂದುತ್ತಿರುವುದನ್ನು 1940ರ ದಶಕದಲ್ಲಿ ಗಮನಿಸಿ ಪರೀಕ್ಷಿಸಿದರು. ಹುಣ್ಣು ಮಾಗುತ್ತಿದ್ದುದು ನಿಜ. ಆದರೆ ಸುಮಾರು ಐದರಲ್ಲಿ ಒಬ್ಬ ರೋಗಿಯ ಮುಖ, ಕೈಕಾಲುಗಳು ಊದಿಕೊಂಡವು. ಅತಿಮಧುರವು ದೇಹದಲ್ಲಿ ಉಪ್ಪು ಮತ್ತು ನೀರನ್ನು ತಡೆಹಿಡಿದು ರಕ್ತದೊತ್ತಡವನ್ನು ಏರಿಸುತ್ತದೆ ಎಂಬುದು ಇದರಿಂದ ತಿಳಿದುಬಂದಿತು. ಅದರಿಂದ ಸಿದ್ಧಪಡಿಸಿದ ಕಾರ್ಬೆನಾಕ್ಸೊಲೋನ್ ಎಂಬ ಔಷಧ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತಾದರೂ ಅದೇ ದೋಷವು ಅದನ್ನೂ ಬಿಡಲಿಲ್ಲ.

ಭಾರತದಲ್ಲಿ ಮನುಷ್ಯರ ಮೇಲಿನ ಔಷಧ ಪರೀಕ್ಷೆಗಳಿಗೆ 2019ರ ನವ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳು ಅನ್ವಯಿಸುತ್ತವೆ. ನೈತಿಕ ಸಮಿತಿಯ ಅನುಮೋದನೆ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಪಡೆದ ಲಿಖಿತ ಒಪ್ಪಿಗೆ, ಪ್ರಯೋಗದಿಂದ ಹಾನಿಯಾದಲ್ಲಿ ವೈದ್ಯಕೀಯ ವೆಚ್ಚ ಮತ್ತು ಪರಿಹಾರ ಇವು ಕಡ್ಡಾಯವಾಗಿರುತ್ತವೆ. 2007ರಲ್ಲಿ ಆರಂಭವಾದ ಭಾರತೀಯ ವೈದ್ಯಕೀಯ ಪ್ರಯೋಗಗಳ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾದ ವಿವರಗಳನ್ನು ಯಾರು ಬೇಕಾದರೂ ಉಚಿತವಾಗಿ ವೀಕ್ಷಿಸಬಹುದು. ಪ್ರಯೋಗವೊಂದಕ್ಕೆ ಸೇರುವಂತೆ ಯಾರಾದರೂ ಕೋರಿದಲ್ಲಿ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯುವುದು ಹಾಗೂ ಒಪ್ಪಿಗೆ ಪತ್ರದ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಇಷ್ಟವಿಲ್ಲದಿದ್ದರೆ ಯಾವುದೇ ಹಂತದಲ್ಲಿ, ಕಾರಣ ನೀಡದೆ, ಹಿಂದೆ ಸರಿಯಬಹುದು.

ಮಾರಾಟ ಮತ್ತು ಜಾಹೀರಾತು ಕುರಿತು

ಕೊರವ ಮೀನಿನ ಸಾರವು ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಕ್ಯಾಪ್ಸೂಲ್ ಮತ್ತು ದ್ರವರೂಪದಲ್ಲಿ ಮಾರಾಟವಾಗುತ್ತದೆ. ಅಂತಹ ಡಬ್ಬಿಗಳನ್ನು ತರಿಸಿಕೊಳ್ಳುವವರು ಅಥವಾ ಅಲ್ಲಿರುವ ಬಂಧುಗಳಿಂದ ಪಡೆಯುವವರು ಒಂದು ಅಂಶವನ್ನು ತಿಳಿದಿರಬೇಕು. ಭಾರತದಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಅಧಿನಿಯಮ, 1954ರ ಅನುಸೂಚಿಯಲ್ಲಿ 54 ರೋಗಗಳನ್ನು ಹೆಸರಿಸಲಾಗಿದ್ದು, 53ನೆಯದು ಜಠರ ಮತ್ತು ಕರುಳಿನ ಹುಣ್ಣು. ಈ ಅನುಸೂಚಿಯಲ್ಲಿರುವ ರೋಗಗಳನ್ನು ಗುಣಪಡಿಸುತ್ತದೆ ಎಂದು ಯಾವುದೇ ಔಷಧದ ಬಗ್ಗೆ ಸಾರ್ವಜನಿಕವಾಗಿ ಜಾಹೀರಾತು ನೀಡುವುದು ನಿಷಿದ್ಧ. ಔಷಧವು ಪಾರಂಪರಿಕವೋ ಆಧುನಿಕವೋ ಎಂಬ ಭೇದ ಇಲ್ಲಿಲ್ಲ.

ಡಬ್ಬಿಯ ಮೇಲೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದ್ದ ಮಾತ್ರಕ್ಕೆ ಅದು ಔಷಧವೆಂದು ಸರ್ಕಾರವು ಒಪ್ಪಿದೆ ಎಂದು ಭಾವಿಸತಕ್ಕದ್ದಲ್ಲ. ಆ ಸಂಖ್ಯೆಯು ಆಹಾರ ತಯಾರಕರಿಗೆ ನೀಡುವ ಪರವಾನಗಿಯದು. ಆಹಾರ ಪದಾರ್ಥವು ರೋಗವನ್ನು ಗುಣಪಡಿಸುತ್ತದೆ ಎಂದು ಲೇಬಲಿನಲ್ಲಿ ಹೇಳಿಕೊಳ್ಳಲು ಅವಕಾಶವಿರುವುದಿಲ್ಲ. ಇಂತಹ ಜಾಹೀರಾತು ಕಂಡುಬಂದಲ್ಲಿ ಅದರ ಪ್ರತಿ ಅಥವಾ ಛಾಯಾಚಿತ್ರ, ಪ್ರಕಟವಾದ ದಿನಾಂಕ ಮತ್ತು ಸ್ಥಳದ ವಿವರಗಳೊಂದಿಗೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.

ರೋಗಿಗಳು ಮತ್ತು ಕುಟುಂಬದವರ ಗಮನಕ್ಕೆ

ಕೊರವ ಮೀನು ಒಳ್ಳೆಯ ಆಹಾರ. ಮೀನಿನ ಅಲರ್ಜಿ ಇಲ್ಲದವರು ಚೆನ್ನಾಗಿ ಬೇಯಿಸಿ ಸೇವಿಸಲು ಅಡ್ಡಿಯಿಲ್ಲ. ಹುಣ್ಣಿನ ಚಿಕಿತ್ಸೆ ಪಡೆಯುತ್ತಿರುವವರೂ ವೈದ್ಯರಿಗೆ ತಿಳಿಸಿ ಸೇವಿಸಬಹುದು. ಹಸಿಯಾಗಿ ಅಥವಾ ಅರೆಬೆಂದ ಸ್ಥಿತಿಯಲ್ಲಿ ಮಾತ್ರ ಸೇವಿಸಬಾರದು. ಈ ಜಾತಿಯ ಮೀನುಗಳ ಮಾಂಸದಲ್ಲಿ ನ್ಯಾಥೋಸ್ಟೋಮಾ ಎಂಬ ಹುಳುವಿನ ಮರಿಗಳಿರಬಹುದಾಗಿದ್ದು, ಅವು ಮನುಷ್ಯನ ದೇಹವನ್ನು ಹೊಕ್ಕರೆ ಚರ್ಮ, ಕಣ್ಣು ಹಾಗೂ ಮಿದುಳಿಗೂ ಹಾನಿ ಮಾಡಬಲ್ಲವು. ಯಾವುದೇ ಮೀನಿನ ಪಿತ್ತಕೋಶವನ್ನು ಔಷಧವೆಂದು ನುಂಗುವುದು ಇನ್ನೂ ಅಪಾಯಕಾರಿ. ರೋಹು ಮುಂತಾದ ಗೆಂಡೆ ಜಾತಿಯ ಮೀನುಗಳ ಹಸಿ ಪಿತ್ತಕೋಶವನ್ನು ನುಂಗಿ ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದ ರೋಗಿಗಳ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ನಮ್ಮಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಇವೆಲ್ಲವೂ ಅಲ್ಸರ್ ಅಲ್ಲ. ಕೆಲವೊಮ್ಮೆ ಹೃದಯಾಘಾತದ ನೋವನ್ನೂ ಗ್ಯಾಸ್ಟ್ರಿಕ್ ಎಂದು ಕಡೆಗಣಿಸಿ ಜೀವ ಕಳೆದುಕೊಂಡವರಿದ್ದಾರೆ. ಜಠರದ ಕ್ಯಾನ್ಸರ್ ಸಹ ಆರಂಭದಲ್ಲಿ ಅಲ್ಸರಿನಂತೆಯೇ ತೋರಬಹುದು. ನೋವು ಎರಡು ಮೂರು ವಾರಗಳಿಗಿಂತ ಹೆಚ್ಚು ಕಾಲ ಇದ್ದಲ್ಲಿ, ಕಾರಣವಿಲ್ಲದೆ ತೂಕ ಇಳಿದಲ್ಲಿ, ಆಹಾರ ನುಂಗಲು ಕಷ್ಟವಾದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು. ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಇದ್ದಕ್ಕಿದ್ದಂತೆ ಸಹಿಸಲಾಗದ ಹೊಟ್ಟೆನೋವು, ತಲೆಸುತ್ತಿ ಬೀಳುವಿಕೆ ಇವು ತುರ್ತು ಚಿಹ್ನೆಗಳು. ಕೂಡಲೇ 108ಕ್ಕೆ ಕರೆ ಮಾಡಬೇಕು.

ಹೆಲಿಕೋಬ್ಯಾಕ್ಟರ್ ಸೋಂಕನ್ನು ಉಸಿರಿನ ಪರೀಕ್ಷೆ, ಮಲಪರೀಕ್ಷೆ ಅಥವಾ ಎಂಡೋಸ್ಕೋಪಿಯಿಂದ ಪತ್ತೆಮಾಡಬಹುದು. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳನ್ನು ಎರಡು ವಾರ ಮೊದಲು ಹಾಗೂ ಆ್ಯಂಟಿಬಯೋಟಿಕ್‌ಗಳನ್ನು ನಾಲ್ಕು ವಾರ ಮೊದಲು ನಿಲ್ಲಿಸದಿದ್ದರೆ ಸೋಂಕಿದ್ದರೂ ಇಲ್ಲವೆಂದು ಫಲಿತಾಂಶ ಬರುವ ಸಂಭವವಿರುತ್ತದೆ. ಆದಾಗ್ಯೂ ವೈದ್ಯರ ಸೂಚನೆಯಿಲ್ಲದೆ ತಾವಾಗಿ ನಿಲ್ಲಿಸಬಾರದು. ಸೋಂಕು ದೃಢಪಟ್ಟಲ್ಲಿ ಸಾಮಾನ್ಯವಾಗಿ 14 ದಿನಗಳ ಕಾಲ ಒಂದಕ್ಕಿಂತ ಹೆಚ್ಚು ಆ್ಯಂಟಿಬಯೋಟಿಕ್‌ಗಳನ್ನು ಆಮ್ಲನಿರೋಧಕದೊಂದಿಗೆ ನೀಡಲಾಗುತ್ತದೆ. ನೋವು ಹೋಯಿತೆಂದು ಐದಾರು ದಿನಕ್ಕೇ ಬಿಟ್ಟರೆ ಬ್ಯಾಕ್ಟೀರಿಯಾವು ಔಷಧಕ್ಕೆ ಬಗ್ಗದಂತಾಗುತ್ತದೆ. ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುತ್ತಿರುವವರು ಅಲ್ಸರಿನ ಭಯದಿಂದ ಅದನ್ನು ತಾವೇ ನಿಲ್ಲಿಸತಕ್ಕದ್ದಲ್ಲ.

ಆಸ್ಪತ್ರೆಗೆ ಬರುವಾಗ ಹಿಂದಿನ ಚೀಟಿಗಳು, ಸೇವಿಸುತ್ತಿರುವ ನೋವಿನ ಮಾತ್ರೆಗಳು ಹಾಗೂ ಮೀನಿನ ಸಾರದ ಕ್ಯಾಪ್ಸೂಲ್, ಪುಡಿ, ಕಷಾಯ ಮುಂತಾದ ಯಾವುದೇ ಪದಾರ್ಥವನ್ನು ಬಳಸಿದ್ದಲ್ಲಿ ಅದರ ಡಬ್ಬಿಯನ್ನು ಲೇಬಲ್ ಸಹಿತ ತರಬೇಕು. ವೈದ್ಯರು ಬೈದಾರೆಂಬ ಅಂಜಿಕೆಯಿಂದ ಇದನ್ನು ಮರೆಮಾಚುವುದು ಬೇಡ. ಯಾವುದೇ ಔಷಧದಿಂದ ಅಡ್ಡಪರಿಣಾಮ ಉಂಟಾಗಿದ್ದಲ್ಲಿ ಭಾರತೀಯ ಔಷಧ ಜಾಗರೂಕತೆ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024ಕ್ಕೆ ರೋಗಿಗಳು ಸ್ವತಃ ಅಥವಾ ಅವರ ಪರವಾಗಿ ಕುಟುಂಬದವರು ಕೆಲಸದ ದಿನಗಳಲ್ಲಿ ಮಾಹಿತಿ ನೀಡಬಹುದಾಗಿದೆ.